ಒಮ್ಮೆ ಡೆಂಗಿ ಬಂದು ಹೋಗಿದೆ, ಮತ್ತೆ ಬಂದರೂ ಹಗುರವಾಗಿಯೇ ಬರುತ್ತದೆ ಅಲ್ವಾ? ಪ್ಲೇಟ್‌ಲೆಟ್ ಎಷ್ಟಕ್ಕಿಳಿದರೆ ಹೆದರಬೇಕು?

ಇಲ್ಲ, ಹಾಗೇನೂ ಇಲ್ಲ. ನಾನೂ ಇದೇ ನಂಬಿಕೆಯಲ್ಲಿದ್ದೆ. ಮೊದಲ ಸಲ ನನಗೆ ಮೂರು ದಿನ ಜ್ವರ, ಕಣ್ಣಿನ ಹಿಂದೆ ನೋವು, ಅಷ್ಟೇ. ಹನ್ನೊಂದು ವರ್ಷ ಬಿಟ್ಟು ಮತ್ತೆ ಡೆಂಗಿ ಅಂತ ರಿಪೋರ್ಟ್ ಬಂದಾಗ, ಹಳೇ ಪರಿಚಯ, ಬಂದು ಹೋಗುತ್ತೆ ಬಿಡಿ ಅಂತ ಮನೆಯವರಿಗೆ ನಾನೇ ಧೈರ್ಯ ಹೇಳಿದ್ದೆ.

ನಾಲ್ಕು ದಿನ 103ರ ಆಸುಪಾಸು ಜ್ವರ. ಐದನೇ ದಿನ ಬೆಳಿಗ್ಗೆ ಬನಿಯನ್ ಬೆವರಿಗೆ ತೊಯ್ದಿತ್ತು, ಥರ್ಮಾಮೀಟರ್ 98.2 ತೋರಿಸಿತು. ಅವತ್ತು ರಕ್ತ ಪರೀಕ್ಷೆಗೆ ಹೋಗಬೇಕಿತ್ತು. ಜ್ವರವೇ ಬಿಟ್ಟಿದೆಯಲ್ಲ, ಸುಮ್ನೆ ಯಾಕೆ ಸೂಜಿ ಚುಚ್ಚಿಸಿಕೊಳ್ಳುವುದು ಅಂತ ಸ್ನಾನ ಮಾಡಿ ಕೆಲಸಕ್ಕೆ ಹೋದೆ.

ನನ್ನ ತಪ್ಪು ಅದೊಂದೇ, ಆದರೆ ಅದನ್ನು ಬಿಡಿಸಿ ಹೇಳಲೇಬೇಕು. ಜ್ವರ ಇಳಿದರೆ ಕಾಯಿಲೆ ಇಳಿದಂತೆ ಅನ್ನುವುದು ನಮಗೆಲ್ಲ ಚಿಕ್ಕಂದಿನಿಂದ ಬಂದ ಲೆಕ್ಕ. ಡೆಂಗಿಯಲ್ಲಿ ಆ ಲೆಕ್ಕ ತಲೆಕೆಳಗು. ಅಪಾಯದ ಹೊತ್ತು ಶುರುವಾಗುವುದೇ ಜ್ವರ ಬಿಡುವಾಗ. ಅಲ್ಲಿಂದ 24ರಿಂದ 48 ಗಂಟೆ ಕೆಲವರಿಗೆ ಸಣ್ಣ ರಕ್ತನಾಳಗಳು ಸೋರುತ್ತವೆ. ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೆ ಜಿನುಗಿ, ನಾಳದಲ್ಲಿ ಉಳಿದದ್ದು ಮಂದವಾಗುತ್ತದೆ. ಮೈ ತಣ್ಣಗಿರುತ್ತದೆ, ನಾವು ಹುಷಾರಾದೆವು ಅಂದುಕೊಳ್ಳುತ್ತೇವೆ. ನನಗೆ ಮಧ್ಯಾಹ್ನವೇ ಹೊಟ್ಟೆನೋವು ಶುರುವಾಗಿತ್ತು. ಗ್ಯಾಸ್ ಅಂದುಕೊಂಡೆ. ಸಂಜೆ ಮೂರು ಸಲ ವಾಂತಿ. ನಾಲ್ಕು ದಿನ ಸರಿಯಾಗಿ ಊಟ ಮಾಡಿಲ್ಲವಲ್ಲ, ಅದಕ್ಕೇ ಅಂದುಕೊಂಡೆ. ನೋಡಿ, ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಕಾರಣ ರೆಡಿ ಇತ್ತು.

ರಾತ್ರಿ ಎಮರ್ಜೆನ್ಸಿಯಲ್ಲಿ ಡಾಕ್ಟರು ನನ್ನ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರು. ಬೆಳ್ಳಗಾದ ಉಗುರು ಮತ್ತೆ ಕೆಂಪಾಗಲು ತಡ ಮಾಡಿತು, ಅವರ ಮುಖ ಗಂಭೀರವಾಯಿತು. ಬಿಪಿ 96/78. ಪರವಾಗಿಲ್ಲ ಅಲ್ವಾ ಅಂದೆ. ಎರಡರ ನಡುವಿನ ಅಂತರ 18 ಮಾತ್ರ ಇದೆ, ಅದೇ ಚಿಂತೆ ಅಂದರು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 42 ಇದ್ದದ್ದು 51ಕ್ಕೇರಿತ್ತು, ರಕ್ತ ಮಂದವಾದದ್ದರ ಗುರುತು ಅದು. ಎರಡು ದಿನ ಐಸಿಯುನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ.

ಎರಡನೇ ಸಲ ಯಾಕೆ ಹೀಗೆ ಅಂದರೆ, ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಆ ಬಗೆಯಿಂದ ಮಾತ್ರ ಬಹುಕಾಲ ರಕ್ಷಣೆ. ಬೇರೆ ಬಗೆ ಬಂದಾಗ ಹಳೇ ಆ್ಯಂಟಿಬಾಡಿಗಳು ಅದನ್ನು ಹಿಡಿಯುತ್ತವೆ, ಆದರೆ ಕೊಲ್ಲಲಾರವು. ಕೆಲವೊಮ್ಮೆ ನಮ್ಮದೇ ಜೀವಕೋಶದೊಳಕ್ಕೆ ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತ್ತು, 1981ರಲ್ಲಿ ಎರಡನೇ ಬಗೆ ಬಂದಾಗ 158 ಜನ ಸತ್ತರು. 1997ರಲ್ಲಿ ಅದೇ ಎರಡನೇ ಬಗೆ ಮತ್ತೆ ಬಂತು. ಇಪ್ಪತ್ತು ವರ್ಷ ಹಿಂದೆ ಒಂದನೆಯದು ಬಂದು ಹೋಗಿದ್ದವರನ್ನೂ ಅದು ಬಿಡಲಿಲ್ಲ. ನನ್ನ ಹನ್ನೊಂದು ವರ್ಷ ಯಾವ ಲೆಕ್ಕ! ಹಾಗಂತ ಎರಡನೇ ಸಲ ಬಂದವರೆಲ್ಲ ಐಸಿಯು ಸೇರುವುದಿಲ್ಲ, ಜಾಸ್ತಿ ಜನ ಮನೆಯಲ್ಲೇ ಗುಣವಾಗುತ್ತಾರೆ.

ಇನ್ನು ಪ್ಲೇಟ್‌ಲೆಟ್. ಆ ಒಂದು ನಂಬರಿನ ಹಿಂದೆ ಬೀಳಬೇಡಿ ಅಂತಲೇ ಹೇಳುತ್ತೇನೆ. ಅವತ್ತು ನನ್ನದು 70 ಸಾವಿರದ ಮೇಲೇ ಇತ್ತು. ಪಿಸಿವಿ ಏರುತ್ತಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ, ಹೊಟ್ಟೆ ನೋಯುತ್ತಿದೆಯಾ, ವಸಡಿನಲ್ಲಿ ರಕ್ತ ಬರುತ್ತಿದೆಯಾ ನೋಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಐಬುಪ್ರೊಫೆನ್, ಆ್ಯಸ್ಪಿರಿನ್ ಮುಟ್ಟಬೇಡಿ. ಮುಂಚೆ ಡೆಂಗಿ ಬಂದಿತ್ತು ಅನ್ನುವುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಜ್ವರ ಬಿಟ್ಟ ದಿನ ತಪ್ಪದೆ ರಕ್ತ ಕೊಟ್ಟು ಬನ್ನಿ.

ಮೂರನೇ ಸಲ ಸಾಮಾನ್ಯವಾಗಿ ಇಷ್ಟು ಜೋರಾಗಿರಲ್ಲ ಅಂತ ಡಿಸ್ಚಾರ್ಜ್ ದಿನ ಡಾಕ್ಟರು ಸಮಾಧಾನ ಹೇಳಿದರು. ನಿಜವೋ ನೋಡುವ ಆಸೆ ನನಗಂತೂ ಇಲ್ಲ. ಈ ಸೊಳ್ಳೆ ಕಚ್ಚುವುದು ಹಗಲಲ್ಲೇ ಜಾಸ್ತಿ, ಅದಕ್ಕೇ ಸೆಕೆಯಲ್ಲೂ ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತೇನೆ.