ಬೆಂಗಳೂರಿನಲ್ಲಿ ಹಾಡುವುದೆಂದರೆ: ನಿಮ್ಮ ಪ್ರಶ್ನೆ, ಗಾಯಕರ ಉತ್ತರ

(ಈ ಸಲ ಉತ್ತರಿಸುತ್ತಿರುವವರು ಊರೂರು ಸುತ್ತಿ ಕಛೇರಿ ಕೊಡುವ ಧಾರವಾಡದ ಹಿಂದೂಸ್ತಾನಿ ಗಾಯಕರೊಬ್ಬರು.)

ಪ್ರ: ಮೊದಲ ಸಲ ಬೆಂಗಳೂರಿನಲ್ಲಿ ಹಾಡಲು ಕರೆ ಬಂದಿದೆ. ಅಲ್ಲಿನ ಜನಕ್ಕೆ ತಾಳ್ಮೆ ಇಲ್ಲ, ನಿಧಾನ ಲಯದ ವಿಲಂಬಿತ ಬೇಗ ಮುಗಿಸಿ ವೇಗದ ದ್ರುತ್‌ಗೆ ಹೋಗು, ಕೊನೆಗೊಂದು ವಚನ ಹಾಡಿಬಿಡು ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವೇ ಸರ್?
– ಓದುಗರು, ಶಿರಸಿ

ಉ: ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ಊರಿನವರು ಬೆಂಗಳೂರಿನ ಕೇಳುಗರ ಬಗ್ಗೆ ಸುಮ್ನೆ ಕಟ್ಟಿಕೊಂಡ ಮಾತು ಇದು. ವಾರದ ಮಧ್ಯೆ ವೈಟ್‌ಫೀಲ್ಡಿನಲ್ಲಿ ಆಫೀಸು ಬಿಟ್ಟು, ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಕೂತು, ಮಲ್ಲೇಶ್ವರದ ಕಡೆ ಚೌಡಯ್ಯ ಸ್ಮಾರಕ ಭವನಕ್ಕೆ ಬಂದು ಕೂರುವವರಿದ್ದಾರೆ. ಇಡೀ ದಿನ ಅವಸರದಲ್ಲೇ ಕಳೆದವರಿಗೆ ಸಂಜೆ ಬೇಕಿರುವುದು ನಿಧಾನ, ಅಲ್ವಾ? ಅದನ್ನು ಕೊಡಲು ನಮ್ಮ ಹತ್ತಿರ ವಿಲಂಬಿತಕ್ಕಿಂತ ಒಳ್ಳೆಯದು ಏನಿದೆ?

ಒಂದು ವಿಷಯ ಮಾತ್ರ ತಿಳಿದಿರಿ. ಇಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದವರು ಜಾಸ್ತಿ. ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಾರೆ. ನಮ್ಮ ಏಕತಾಲ ಎಂಬ ತಾಳದ 12 ಮಾತ್ರೆ, ಅಂದರೆ 12 ಎಣಿಕೆ, ತೀರಾ ನಿಧಾನ ಲಯದಲ್ಲಿ ಒಂದು ಸುತ್ತು ಬರಲು ನಿಮಿಷದ ಹತ್ತಿರ ಹಿಡಿಯುತ್ತದೆ, ಹಾಗಾಗಿ ಆ ಕೈಗಳು ನಡುವೆ ನಿಂತುಬಿಡುತ್ತವೆ. ಅವರಿಗೆ ಬೇಸರವಾಯಿತೆಂದು ಗಾಬರಿಯಾಗಬೇಡಿ. ನೀವು ನೇರವಾಗಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಇಳಿದಾಗ ಅದೇ ಕೈಗಳು ಮೇಲೇಳುತ್ತವೆ. ಮಾಲಕಂಸ್ ರಾಗ ಎತ್ತಿಕೊಂಡರೆ ಅವರ ಹಿಂದೋಳದ ಹತ್ತಿರದ್ದು ಅಂತ ಎರಡು ಸ್ವರಕ್ಕೇ ಗುರುತು ಹಿಡಿಯುತ್ತಾರೆ, ಭೂಪಾಲಿ ಹಾಡಿದರೆ ಅವರ ಕಿವಿಯಲ್ಲಿ ಮೋಹನ ಇರುತ್ತದೆ. ಅಭೋಗಿ, ಹಂಸಧ್ವನಿ, ಚಾರುಕೇಶಿಗಳಂತೂ ಅಲ್ಲಿಂದಲೇ ನಮ್ಮ ಕಡೆ ಬಂದ ರಾಗಗಳು. ಇಂಥ ಕಿವಿಗಳ ಮುಂದೆ ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುವ ಸುಖವೇ ಬೇರೆ. ವಚನ ಖಂಡಿತ ಹಾಡಿ, ಪ್ರೀತಿಯಿಂದ ಹಾಡಿ. ಆದರೆ ರಾಗ ಬಿಡಿಸಿ ಹಾಡುವ ಖ್ಯಾಲ್ ಕೇಳಿದ್ದಕ್ಕೆ ಪರಿಹಾರ ಅನ್ನುವ ಹಾಗೆ ಹಾಡಬೇಡಿ.

ಪ್ರ: ಎಸಿ ಹಾಲ್‌ನಲ್ಲಿ ತಂಬೂರಿ ಶ್ರುತಿ ನಿಲ್ಲುವುದೇ ಇಲ್ಲ. ಏನು ಮಾಡುತ್ತೀರಿ?
– ಓದುಗರು, ಹುಬ್ಬಳ್ಳಿ

ಉ: ಬೇಗ ಹೋಗಿ. ತಂಬೂರಿ, ತಬಲಾ ಎರಡನ್ನೂ ಚೀಲದಿಂದ ತೆಗೆದು ವೇದಿಕೆಯ ಮೇಲೆ ಅರ್ಧ ಗಂಟೆಯಾದರೂ ಇಡಿ. ಎಸಿ ಮತ್ತು ಲೈಟು ಹಾಕಿದ ಮೇಲೇ ಕೊನೆಯ ಸಲ ಶ್ರುತಿ ಮಾಡಿ. ತೇವದ ಹವೆಯಲ್ಲಿ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ, ಒಣ ಹವೆಯಲ್ಲಿ ಬಿಗಿದು ಏರುತ್ತದೆ. ಮೈಕಿನವರಿಗೆ ಎಕೋ ಕಡಿಮೆ ಮಾಡಲು ಹೇಳಿ.

ಪ್ರ: ರಾಮನವಮಿ ಪೆಂಡಾಲುಗಳಲ್ಲಿ ಹಾಡುವಾಗ ಹಾರ್ನ್ ಸದ್ದಿಗೆ ಸಿಟ್ಟು ಬರುವುದಿಲ್ಲವೇ?
– ಓದುಗರು, ಚಾಮರಾಜಪೇಟೆ

ಉ: ಇಲ್ಲ. ನಿಮ್ಮ ಬಡಾವಣೆಯ ರಾಮನವಮಿ ಸಂಗೀತ 1939ರಿಂದ ನಡೆದು ಬಂದಿದೆ. ಅಷ್ಟು ದೀರ್ಘ ಕಾಲ ಒಂದು ಊರು ಸಂಗೀತಕ್ಕೆ ಜಾಗ ಉಳಿಸಿಕೊಂಡಿದೆ ಅಂದಮೇಲೆ ಹಾರ್ನ್ ಬಗ್ಗೆ ದೂರಲು ಮನಸ್ಸು ಬರುವುದಿಲ್ಲ. ಕಣ್ಣು ಮುಚ್ಚಿ ತಂಬೂರಿಗೆ ಕಿವಿ ಕೊಟ್ಟರೆ ಸಾಕು. ಪೆಂಡಾಲಿನಲ್ಲಿ ತರಕಾರಿ ಚೀಲ ಹಿಡಿದು ಹಿಂದೆ ನಿಂತು ಕೇಳುವವರು ಸಿಗುತ್ತಾರೆ. ದೊಡ್ಡ ಸಭಾಂಗಣದ ಬಾಗಿಲು ದಾಟಲು ಹಿಂಜರಿಯುವವರೂ ಅಲ್ಲಿಗೆ ಬರುತ್ತಾರೆ, ನನಗೆ ಅವರು ಮುಖ್ಯ. ಏಪ್ರಿಲ್ ಮಳೆಗೆ ಮಾತ್ರ ಸಿದ್ಧವಾಗಿರಬೇಕು, ವಾದ್ಯಗಳಿಗೆ ಪ್ಲಾಸ್ಟಿಕ್ ಹೊದಿಕೆ ಜೊತೆಗಿರಲಿ.

ಪ್ರ: ಸಂಭಾವನೆ ಎಷ್ಟು ಅಂತ ಮೊದಲೇ ಕೇಳಬಹುದೇ?
– ಓದುಗರು, ದಾವಣಗೆರೆ

ಉ: ಕೇಳಲೇಬೇಕು. ಪ್ರಯಾಣ, ವಸತಿ, ತಬಲಾ ಮತ್ತು ಹಾರ್ಮೋನಿಯಂ ಸಾಥಿದಾರರ ಹಣ, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದು ಕಳಿಸಿ. ಸಾಥಿದಾರರಿಗೆ ಅದೇ ರಾತ್ರಿ ಹಣ ಸಿಗಬೇಕು.

ಪ್ರ: ಬೆಂಗಳೂರಿನಲ್ಲಿ ದರ್ಬಾರಿ ಕೇಳಬೇಕೆಂಬ ಆಸೆ ಈಡೇರುತ್ತಲೇ ಇಲ್ಲ. ಯಾಕೆ ಹಾಡುವುದಿಲ್ಲ?
– ಓದುಗರು, ಬಸವನಗುಡಿ

ಉ: ಈ ಕೊರಗು ನನಗೂ ಇದೆ. ದರ್ಬಾರಿ ರಾತ್ರಿ ಚೆನ್ನಾಗಿ ಇಳಿದ ಮೇಲೆ ಹಾಡುವ ರಾಗ. ಇಲ್ಲಿ ಕಛೇರಿ ಆರೂವರೆಗೆ ಶುರುವಾದರೆ ಒಂಬತ್ತಕ್ಕೆ ಮುಗಿಯಬೇಕು, ಎಂಟೂವರೆಗೇ ಜನ ಮನೆಯ ದಾರಿ ಲೆಕ್ಕ ಹಾಕುತ್ತಿರುತ್ತಾರೆ, ಅದು ಅವರ ತಪ್ಪಲ್ಲ. ಬಯಲಿನಲ್ಲಿ ರಾತ್ರಿ 10ರ ಮೇಲೆ ಮೈಕ್ ಹಾಕುವಂತಿಲ್ಲ. ಹೀಗಾಗಿ ಯಮನ್, ಪೂರಿಯಾ, ಮಾರುಬಿಹಾಗ್ ಮತ್ತೆ ಮತ್ತೆ ಬರುತ್ತವೆ, ದರ್ಬಾರಿ ಉಳಿದುಹೋಗುತ್ತದೆ. ಇದು ಸಣ್ಣ ನಷ್ಟವಲ್ಲ. ರಾಗದ ಹೊತ್ತಿನಲ್ಲಿ ರಾಗ ಕೇಳದ ಒಂದು ಪೀಳಿಗೆಯೇ ಇಲ್ಲಿ ಬೆಳೆಯುತ್ತಿದೆ.

ಮುಚ್ಚಿದ ಸಭಾಂಗಣದಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಅಂತ ನಾನು ಸಂಘಟಕರಿಗೆ ಹೇಳುತ್ತಲೇ ಇದ್ದೇನೆ. ನೀವೂ ಕೇಳಿ, ಕೇಳುಗರ ಮಾತಿಗೆ ಬೆಲೆ ಜಾಸ್ತಿ. ಅಲ್ಲಿಯವರೆಗೆ ಕುಂದಗೋಳಕ್ಕೆ ಬನ್ನಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಅದು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಅವರ ಬಳಿ ಕಲಿತದ್ದು ಅಲ್ಲಿಯೇ. ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆಯುತ್ತದೆ, ಹುಬ್ಬಳ್ಳಿಗೆ ರೈಲಿನಲ್ಲಿ ಬಂದರೆ ಅಲ್ಲಿಂದ ತುಂಬಾ ಹತ್ತಿರ.