ಮಗಳು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಎಂಟನೇ ಕ್ಲಾಸ್. ಬಾಹ್ಯಾಕಾಶ ಕಲಿಯೋಕೆ ಸರ್ಕಾರದ ನೆರವು ಸಿಗುತ್ತಾ?

ಸಿಗುತ್ತದೆ. ಮೊದಲು ಇಸ್ರೋದ ಯುವಿಕಾ (ಯುವ ವಿಜ್ಞಾನಿ ಕಾರ್ಯಕ್ರಮ) ಶಿಬಿರ ನೋಡಿ. 2019ರಲ್ಲಿ ಶುರುವಾದದ್ದು, ಒಂಬತ್ತನೇ ತರಗತಿಯವರಿಗೆ. ಅಂದರೆ ನಿಮಗೆ ಮುಂದಿನ ವರ್ಷ. ರೈಲು ಖರ್ಚು, ಊಟ, ವಸತಿ ಎಲ್ಲ ಇಸ್ರೋದ್ದೇ. ಆಯ್ಕೆಯಲ್ಲಿ ಎಂಟನೇ ತರಗತಿಯ ಅಂಕ ಮತ್ತು ಆನ್‌ಲೈನ್ ಕ್ವಿಜ್ ಮುಖ್ಯ. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದಕ್ಕೂ ಅಂಕ ಇದೆ, ಆ ಸರ್ಟಿಫಿಕೇಟ್ ಸುಮ್ನೆ ಎಲ್ಲೋ ಬಿಸಾಡಬೇಡಿ! ಪಂಚಾಯತ್ ವ್ಯಾಪ್ತಿಯ ಹಳ್ಳಿ ಶಾಲೆಗೆ ಹೆಚ್ಚುವರಿ ಅಂಕವೂ ಉಂಟು. ಎಣ್ಮಕಜೆ, ಪೈವಳಿಕೆ ಕಡೆಯ ಮಕ್ಕಳಿಗೆ ಒಳ್ಳೆಯದೇ ಅಲ್ವಾ? ಕನ್ನಡ ಮಾಧ್ಯಮವಾದರೂ ನೀವು ಕೇರಳದ ಲೆಕ್ಕದಲ್ಲೇ ಬರುತ್ತೀರಿ.

ಪ್ಲಸ್ ಟು ಆದಮೇಲೆ ತಿರುವನಂತಪುರದ ಐಐಎಸ್‌ಟಿ (ಬಾಹ್ಯಾಕಾಶ ವಿಜ್ಞಾನ, ತಂತ್ರಜ್ಞಾನ ಕಲಿಸುವ ಸಂಸ್ಥೆ) ಇದೆ, ಕೇಂದ್ರದ ಬಾಹ್ಯಾಕಾಶ ಇಲಾಖೆ 2007ರಲ್ಲಿ ತೆರೆದದ್ದು. ಬಿಟೆಕ್‌ಗೆ ಜೆಇಇ ಅಡ್ವಾನ್ಸ್ಡ್ ಪ್ರವೇಶ ಪರೀಕ್ಷೆ ಬೇಕು. ಕಷ್ಟ ಇರುವುದು ಅಲ್ಲೇ, ಗಣಿತ ಈಗಿನಿಂದಲೇ ಗಟ್ಟಿ ಮಾಡಿಸಿ.