ನಿಂಬೆಹಣ್ಣು ಹಿಂಡಿ ನೋಡಿದಿರಾ ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ.

'ಹಿಂದಕ್ಕೆ ಬಾರದ ಬದಲಾವಣೆ' ಅಂತ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನವನ್ನು ನಿನ್ನೆ ರಾತ್ರಿ ಓದಿದೆ. 4ನೇ ಕ್ಲಾಸಿನ ಮಕ್ಕಳಿಗೆ ಅಡುಗೆಮನೆ ಸಾಮಾನಿನಲ್ಲೇ 5 ಪ್ರಯೋಗ, ಕಾಗುಣಿತದ ತಪ್ಪಿಲ್ಲ, ಒಳ್ಳೆಯದು. ಆದರೆ ಮೂರನೆಯದಕ್ಕೆ ಬಂದಾಗ ತಲೆ ಕೆಟ್ಟಿತು.

ನಿಮ್ಮ ಸಾಲು: "ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಈ ಬಣ್ಣ ಇನ್ನೆಂದೂ ಹಳದಿಯಾಗದು." ಎಂದೂ? ಎದ್ದು ಹೋಗಿ ಒಂದು ಲೋಟ ಓಕುಳಿ ಕದಡಿ, ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ಹಳದಿ! ಮತ್ತೆ ಚೂರು ಸುಣ್ಣ ಹಾಕಿದೆ, ಕೆಂಪು. ರಾತ್ರಿ 11 ಗಂಟೆಗೆ ಯಾರಿಗ್ರೀ ಆರತಿ ಅಂತ ಹೆಂಡತಿ ಕೇಳಿದಳು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್, ಸುಣ್ಣದಂಥ ಕ್ಷಾರ ಸಿಕ್ಕರೆ ಕೆಂಪು, ಹುಳಿ ಸಿಕ್ಕರೆ ಹಳದಿ. ರಾಸಾಯನಿಕ ಬದಲಾವಣೆ ಹೌದು, ಹಿಂದಕ್ಕೆ ಬಾರದ್ದಲ್ಲ. ನೀವು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೀರಿ. ನಾಳೆ ಯಾವಳೋ ಹುಡುಗಿ ಸುಮ್ನೆ ನಿಂಬೆರಸ ಹಾಕಿ ತೋರಿಸಿದರೆ ಏನು ಹೇಳುತ್ತೀರಿ?

ಮುಂದಿನ ಸಾಲು: "ಮಕ್ಕಳು ಅಚ್ಚರಿಯಿಂದ ಕಣ್ಣರಳಿಸಿದರು." ಯಾವ ಮಕ್ಕಳು? ಇಡೀ ಕ್ಲಾಸಿನಲ್ಲಿ ಒಬ್ಬನಾದರೂ 'ಸಾರ್, ಇದನ್ನ ಕುಡೀಬೋದಾ' ಅಂತ ಕೇಳಲಿಲ್ಲವಾ? ಕೇಳಿದ್ದರೆ ಅದನ್ನು ಬರೆಯಿರಿ. ಅದರ ಬೆನ್ನಿಗೇ "ಇದರಿಂದ ನಮಗೆ ತಿಳಿಯುವುದೇನೆಂದರೆ" ಅಂತ ಶುರು. ಲೋಟ ಇನ್ನೂ ಮೇಜಿನ ಮೇಲಿದೆ ಮೇಷ್ಟ್ರೇ, ಹಿಂದಿನ ಬೆಂಚಿನವರು ಎದ್ದು ನಿಂತು ಇಣುಕುತ್ತಿದ್ದಾರೆ, ಅಷ್ಟರಲ್ಲಿ ನೀವು ಉತ್ತರ ಹೇಳಿ ಮುಗಿಸಿದಿರಿ.

ಇಷ್ಟು ರೇಗೋದು ಯಾಕೆ ಅಂದರೆ, ಇದೇ ತಪ್ಪನ್ನು ನಾನೂ ಮಾಡಿದವನು. ಪತ್ರಿಕೆಗೆ ಸೇರಿದ ಹೊಸದರಲ್ಲಿ, ಸುಣ್ಣದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಹಾಲಿನ ಹಾಗಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ ಅಂತ ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಓದಿ, ಏನೂ ಹೇಳದೆ ಕೆಳಗಿನ ಬೀಡಾ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನ ಹತ್ತಿರ ಚೂರು ಸುಣ್ಣ ಇಸಕೊಂಡು ನೀರಲ್ಲಿ ಕದಡಿ, ನಾವು ಟೀ ಕುಡಿದು ಬರುವ ತನಕ ಇಳಿಯಲು ಬಿಟ್ಟರು. ಮೇಲಿನ ತಿಳಿಯನ್ನು ದೊಡ್ಡ ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿದರು. ಗೋಲಿ ಸೋಡಾ ಒಡೆಸಿ ಒಂದು ಚಮಚದಷ್ಟು ಹಾಕಿದರು. ಬೆಳ್ಳಗಾಯಿತು. ನಾನು ನೋಡಿದಿರಾ ಅನ್ನೋ ಹಾಗೆ ನಿಂತಿದ್ದೆ. ಅವರು ಉಳಿದ ಸೋಡಾನೆಲ್ಲಾ ಸುರಿದರು. ಸ್ವಲ್ಪ ಹೊತ್ತಿಗೆ ಬಿಳುಪು ಕರಗಿ ಲೋಟದ ಆಚೆ ಇದ್ದ ಬಾಳೆಹಣ್ಣಿನ ಗೊನೆ ಕಂಡಿತು. "ಸೋಡಾ ದುಡ್ಡು ನೀನೇ ಕೊಡು" ಅಂದು ಮೆಟ್ಟಿಲು ಹತ್ತಿದರು.

ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್, ಸೋಡಾದಲ್ಲಿರುವ ಇಂಗಾಲದ ಡೈಆಕ್ಸೈಡ್ ಇನ್ನೂ ಜಾಸ್ತಿ ಸಿಕ್ಕರೆ ಅದು ನೀರಲ್ಲಿ ಕರಗುವ ಬೈಕಾರ್ಬೊನೇಟ್ ಆಗುತ್ತದೆ ಅನ್ನೋದನ್ನು ಆಮೇಲೆ ಓದಿ ತಿಳಿದುಕೊಂಡೆ. ಆ ತಿಳಿನೀರನ್ನು ಕುದಿಸಿದರೆ ಮತ್ತೆ ಬೆಳ್ಳಗಾಗುವುದನ್ನು ಮಾತ್ರ ಮನೆಯಲ್ಲಿ ನಾನೇ ಮಾಡಿ ನೋಡಿದೆ. ಬರೆಯುವ ಮುಂಚೆ ಮಾಡಬೇಕಿತ್ತು, ಅಲ್ವಾ?

ನಿಮ್ಮ ಸಕ್ಕರೆ ಪ್ರಯೋಗ ಇರಲಿ. ನೀರಲ್ಲಿ ಕರಗಿದ ಸಕ್ಕರೆ ನೀರು ಆರಿದರೆ ವಾಪಸ್ ಸಿಗುತ್ತದೆ, ಸೌಟಿನಲ್ಲಿ ಕಪ್ಪಗೆ ಸುಟ್ಟದ್ದು ಸಿಗುವುದಿಲ್ಲ. ಅದರ ಪಕ್ಕದಲ್ಲೇ ಅರಿಶಿನ ಇಡಿ, ನಿಂಬೆಹಣ್ಣನ್ನು ಮಕ್ಕಳ ಕೈಗೇ ಕೊಡಿ. ಸುಣ್ಣ ಮಾತ್ರ ನೀವೇ ಹಾಕಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಅದನ್ನು ನೀವು ಎಲ್ಲೂ ಬರೆದಿಲ್ಲ. ತಿದ್ದಿ ಕಳಿಸಿ. 2 ಪುಟ ಸಾಕು.